ಉಬ್ಬಸದವರು ಐಜಿಇ ವರದಿಯನ್ನು ಓದುವ ಬಗೆ

ಉಬ್ಬಸದ ತಪಾಸಣೆಗೆ ರಕ್ತ ಕೊಟ್ಟು ಬಂದವರ ಕಣ್ಣು ಮೊದಲು ಹೋಗುವುದು ವರದಿಯ ‘ಒಟ್ಟು ಐಜಿಇ’ ಅಂಕಿಯ ಕಡೆಗೆ. ಸಕ್ಕರೆ ಕಾಯಿಲೆಯವರು ಸಕ್ಕರೆಯ ಅಂಕಿ ನೋಡುವಂತೆ ಇದನ್ನು ನೋಡಬಾರದು.

ಐಜಿಇ ಎಂಬುದು ನಮ್ಮ ದೇಹವೇ ತಯಾರಿಸುವ ಒಂದು ಪ್ರತಿಕಾಯ. 1966–67ರ ಹೊತ್ತಿಗೆ ಅಮೆರಿಕದಲ್ಲಿದ್ದ ಇಷಿಜಾಕಾ ದಂಪತಿಯೂ ಸ್ವೀಡನ್ನಿನ ವಿಜ್ಞಾನಿಗಳೂ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. ಜಂತುಹುಳುಗಳನ್ನು ಎದುರಿಸುವಾಗ ನೆರವಾಗುವ ಈ ಪ್ರತಿಕಾಯ, ಅಲರ್ಜಿ ಇರುವವರಲ್ಲಿ ಧೂಳಿನ ನುಸಿಯ ಹಿಕ್ಕೆಯಂಥ ನಿರುಪದ್ರವಿ ವಸ್ತುವಿನ ವಿರುದ್ಧವೂ ಹುಟ್ಟಿಕೊಂಡು, ಶ್ವಾಸನಾಳದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೈಗೆ ಅಂಟಿ ಕಾದಿರುತ್ತದೆ. ಅದೇ ವಸ್ತು ಮತ್ತೆ ಉಸಿರಿನೊಡನೆ ಒಳಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಬೆಸೆದರೆ ಸಾಕು, ಕೋಶದಿಂದ ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ಹೊರಬಿದ್ದು ನಿಮಿಷಗಳಲ್ಲಿ ನಾಳ ಬಿಗಿಯುತ್ತದೆ. ಹಲವರಲ್ಲಿ ನಾಲ್ಕರಿಂದ ಎಂಟು ಗಂಟೆಗಳ ನಂತರ ಇಯೋಸಿನೋಫಿಲ್ ಮೊದಲಾದ ಬಿಳಿ ರಕ್ತಕಣಗಳು ಬಂದು ಸೇರಿ ಎರಡನೆಯ ಸುತ್ತಿನ ಉರಿಯೂತ ಶುರುವಾಗುತ್ತದೆ. ಮಧ್ಯಾಹ್ನ ಅಟ್ಟ ಗುಡಿಸಿದವರಿಗೆ ರಾತ್ರಿ ಎದೆಯಲ್ಲಿ ಸುಯ್ಗುಡಲು ಇದೂ ಕಾರಣ.

ಆದ್ದರಿಂದ ಒಟ್ಟು ಐಜಿಇಯನ್ನು ಸುಳಿವು ಎಂದಷ್ಟೇ ತಿಳಿಯಿರಿ. ಜಂತುಬಾಧೆಯಲ್ಲೂ ಅಲರ್ಜಿಯ ಇಸುಬಿನಲ್ಲೂ ಅದು ಏರುತ್ತದೆ. ಸಹಜ ಮಟ್ಟದಲ್ಲಿದ್ದರೂ ಉಬ್ಬಸ ಇರಬಹುದು. ಒಂದೊಂದು ವಸ್ತುವಿಗೂ ಬೇರೆಬೇರೆಯಾಗಿ ಅಳೆದ ನಿರ್ದಿಷ್ಟ ಐಜಿಇ ಹೆಚ್ಚು ಉಪಯುಕ್ತ. ಸಾಮಾನ್ಯವಾಗಿ ಅದು 0.35ಕ್ಕಿಂತ (kUA/L ಮಾನದಲ್ಲಿ) ಹೆಚ್ಚಿದ್ದರೆ ಪಾಸಿಟಿವ್ ಎನ್ನುತ್ತಾರೆ, ಆದರೆ ಆ ವಸ್ತುವಿನ ಸಂಪರ್ಕದಿಂದ ನಿಮಗೆ ನಿಜವಾಗಿ ತೊಂದರೆ ಆಗುತ್ತಿದೆಯೇ ಎಂಬುದನ್ನು ತಾಳೆ ನೋಡಲೇಬೇಕು.

ಚರ್ಮದ ಚುಚ್ಚು ಪರೀಕ್ಷೆಗೆ ಹೋಗುವುದಾದರೆ, ಶೀತಕ್ಕೆಂದು ನುಂಗುವ ಸೆಟಿರಿಜಿನ್‌ನಂಥ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ. ರಕ್ತಪರೀಕ್ಷೆಗೆ ಈ ನಿರ್ಬಂಧವಿಲ್ಲ. ಬನಶಂಕರಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬೆಳೆದ ಕಾಂಗ್ರೆಸ್ ಗಿಡವನ್ನು ನಾನು ವರ್ಷಗಟ್ಟಲೆ ಶಪಿಸಿದ್ದೆ. ಪರೀಕ್ಷೆಯ ದಿನ ಹದಿನೈದು ನಿಮಿಷ ಕಳೆದ ಮೇಲೆ ನೋಡಿದರೆ ಆ ಗಿಡದ ಪರಾಗ ಚುಚ್ಚಿದ ಜಾಗ ಸಪಾಟಾಗಿತ್ತು. ನುಸಿಯದು ಮಾತ್ರ ಸೊಳ್ಳೆ ಕಚ್ಚಿದಂತೆ ಉಬ್ಬಿ, ಸುತ್ತಲೂ ಕೆಂಪಗಾಗಿತ್ತು. ತಪ್ಪಿತಸ್ಥ ಮಳೆಗಾಲದ ತಂಡಿ ಹೀರಿದ್ದ ನನ್ನ ಹತ್ತಿಯ ಹಾಸಿಗೆ! ಅಂದಿನಿಂದ ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇನೆ.

ಇಯೋಸಿನೋಫಿಲ್ ಎಣಿಕೆಯನ್ನು ಓದುವಾಗ, ಇತ್ತೀಚೆಗೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಅದು ತಗ್ಗಿರುತ್ತದೆ ಎಂಬುದು ನೆನಪಿರಲಿ. ವರದಿ ಚೆನ್ನಾಗಿದೆಯೆಂದು ದಿನನಿತ್ಯದ ಸ್ಟೀರಾಯ್ಡ್ ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ, ಏಕೆಂದರೆ ಉರಿಯೂತವನ್ನು ಹತೋಟಿಯಲ್ಲಿಟ್ಟಿರುವುದು ಅದೇ.

ಒಟ್ಟು ಐಜಿಇಯ ಅಂಕಿ ನಿಜಕ್ಕೂ ಲೆಕ್ಕಕ್ಕೆ ಬರುವುದು ತೀವ್ರ ಅಲರ್ಜಿಯ ಉಬ್ಬಸಕ್ಕೆ ಕೊಡುವ ಒಮಾಲಿಜುಮಾಬ್ ಚುಚ್ಚುಮದ್ದಿನ ವಿಷಯದಲ್ಲಿ. ರಕ್ತದಲ್ಲಿ ಓಡಾಡುವ ಐಜಿಇಯನ್ನೇ ಹಿಡಿದು, ಮಾಸ್ಟ್ ಕೋಶಕ್ಕೆ ಅಂಟದಂತೆ ಮಾಡುವ ಈ ಔಷಧಿಯ ಪ್ರಮಾಣವನ್ನು ರೋಗಿಯ ತೂಕ ಮತ್ತು ಚಿಕಿತ್ಸೆಗೆ ಮುಂಚಿನ ಐಜಿಇ ನೋಡಿ ನಿರ್ಧರಿಸುತ್ತಾರೆ. ಆದುದರಿಂದ ಆ ಹಳೆಯ ವರದಿಯನ್ನು ಜೋಪಾನವಾಗಿಡಿ. ಚುಚ್ಚುಮದ್ದು ಶುರುವಾದ ಮೇಲೆ ಔಷಧಿಗೆ ಅಂಟಿಕೊಂಡ ಐಜಿಇ ರಕ್ತದಲ್ಲಿ ಹೆಚ್ಚು ಕಾಲ ಉಳಿದು ಲ್ಯಾಬಿನ ಎಣಿಕೆಗೂ ಸಿಗುವುದರಿಂದ ಅಂಕಿ ಮೊದಲಿಗಿಂತ ಏರಿ ಕಾಣುತ್ತದೆ. ಅದನ್ನು ಕಂಡು ಔಷಧಿ ನಾಟಲಿಲ್ಲವೆಂದು ಗಾಬರಿಯಾಗಬೇಕಿಲ್ಲ.