ಪಡಸಾಲೆಗೊಂದು ಕಂಬದೀಪ, ಅದರಲ್ಲೇ ಟೀಪಾಯಿ

ಸೋಫಾದ ಪಕ್ಕದ ಒಂದೇ ಕಂಬದಿಂದ ಮೂರು ಕೆಲಸ ಆಗಬೇಕಿತ್ತು: ಪಡಸಾಲೆಗೆ ಮೆತ್ತನೆಯ ಬೆಳಕು, ಓದಲಿಕ್ಕೆ ಬೇರೆ ಬೆಳಕು, ಚಹಾ ಕಪ್ಪು, ಮೊಬೈಲ್ ಇಡಲಿಕ್ಕೆ ಹಲಗೆ. ಸಾಮಾನೆಲ್ಲ ಹುಬ್ಬಳ್ಳಿ ಪೇಟೆಯದೇ. ಇಂಥ ದೀಪದಲ್ಲಿ ಕೈಕೊಡುವುದು ಬಲ್ಬಲ್ಲ, ಬುಡ.

ಮೊದಲು 5 ಮಿಮೀ ದಪ್ಪದ, ಒಂದಡಿ ಚೌಕದ ಕಬ್ಬಿಣದ ಪ್ಲೇಟಿನ ನಟ್ಟನಡುವೆ ಕಂಬ ವೆಲ್ಡ್ ಮಾಡಿಸಿದ್ದೆ. ಪ್ಲೇಟಿನ ತೂಕ ಮೂರೂವರೆ ಕಿಲೋ. ಹಲಗೆ ಕಂಬದಿಂದ 12 ಇಂಚು ಮುಂದೆ ಚಾಚಿದೆ, ಬುಡ ಇರುವುದು ಆರೇ ಇಂಚು. ಏಳುವಾಗ ಹಲಗೆಗೆ ಕೈ ಊರಿದರೆ ಸಾಕು, ದೀಪ ಮಗುಚುತ್ತದೆ. ಆಮೇಲೆ ಕಂಬವನ್ನು ಹಿಂದಿನ ಅಂಚಿನಿಂದ ಒಂದೂವರೆ ಇಂಚಿಗೆ ಸರಿಸಿ, ಪ್ಲೇಟಿನ ಕೆಳಗೆ 20 ಮಿಮೀಯ ಎರಡು ಕಡಪಾ ಕಲ್ಲು ಕೂಡಿಸಿದೆ. ಒಂದೊಂದೂ ಸುಮಾರು ಐದು ಕಿಲೋ. ಕಡಪಾ ಪದರು ಪದರಿನ ಕಲ್ಲು; ಡ್ರಿಲ್ಲನ್ನು ಹ್ಯಾಮರಿಗೆ, ಅಂದರೆ ಕುಟ್ಟುತ್ತ ಕೊರೆಯುವ ಕ್ರಮಕ್ಕೆ, ಹಾಕಿದರೆ ಸೀಳುತ್ತದೆ. ನಿಧಾನದ ವೇಗ, ಮೇಲಿಂದ ಹನಿ ಹನಿ ನೀರು. 10 ಮಿಮೀಯ ನಾಲ್ಕು ತೂತು, 8 ಮಿಮೀ ಬೋಲ್ಟ್, ಅಡಿಗೆ ರಬ್ಬರ್ ಬುಷ್.

ಕಂಬ 25 ಮಿಮೀ ಚೌಕ ಪೈಪು, ನಾಲ್ಕೂವರೆ ಅಡಿ. ಐದೂವರೆ ಅಡಿಯ ಕಂಬ ನೋಡಲು ಚೆಂದ, ಆದರೆ ಕೂತವರ ಕಣ್ಣಿಗೆ ಬಲ್ಬು ಚುಚ್ಚುತ್ತದೆ. ಶೇಡಿನ ಕೆಳ ಅಂಚು ನೆಲದಿಂದ 44 ಇಂಚಿಗೆ, ಹಲಗೆ 22ಕ್ಕೆ, ಬಾಗುವ ಕೊಳವೆಯ ಓದುದೀಪ 40ಕ್ಕೆ. ಮೇಲೆ 9 ವ್ಯಾಟ್ ಎಲ್‌ಇಡಿ, ಓದಲಿಕ್ಕೆ 5 ವ್ಯಾಟ್, ಎರಡೂ ವಾರ್ಮ್ ವೈಟ್. ಡಿಮ್ಮರ್ ಹಾಕಲಿಲ್ಲ; ಸಾದಾ ಎಲ್‌ಇಡಿ ಅದರಲ್ಲಿ ಮಿಣಮಿಣ ಅನ್ನುತ್ತದೆ. ಬೇರೆ ಬೇರೆ ಎರಡು ಸ್ವಿಚ್ಚೇ ಲೇಸು.

ವಾಯರ್ ಮೂರು ಕೋರಿನದು, 0.75 ಚದರ ಮಿಮೀ. ವೆಲ್ಡಿಂಗ್, ಬಣ್ಣ ಎರಡೂ ಮುಗಿದ ಮೇಲೆಯೇ ಎಳೆಯಬೇಕು. ಪೈಪಿನ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಅರದಿಂದ ಉಜ್ಜಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೂಡಿಸದಿದ್ದರೆ ವಾಯರಿನ ಸಿಪ್ಪೆ ಹರಿದು ಕಂಬಕ್ಕೇ ಕರೆಂಟು ಬರುತ್ತದೆ. ಅರ್ಥಿಂಗಿನ ಹಸಿರು ವಾಯರಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ, ಅಷ್ಟು ಜಾಗದ ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಕಂಬಕ್ಕೆ ಬಿಗಿಯಬೇಕು. ಬಣ್ಣದ ಮೇಲೆಯೇ ಬಿಗಿದವರ ಅರ್ಥಿಂಗ್ ಹೆಸರಿಗಷ್ಟೇ. ಪ್ಲಗ್ಗಿನ ದಪ್ಪ ಪಿನ್ನಿಂದ ಕಂಬಕ್ಕೆ ಮಲ್ಟಿಮೀಟರ್ ಹಿಡಿದರೆ ಒಂದು ಓಮಿಗಿಂತ ಕಡಿಮೆ ತೋರಿಸಬೇಕು.

ಮೊಬೈಲ್ ಚಾರ್ಜರು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನದೇ ಇರಲಿ. ಅದನ್ನು ಪೈಪಿನೊಳಗೆ ತುರುಕಬಾರದು, ಕಾಯುತ್ತದೆ. ಹಲಗೆಯ ಅಡಿಯಲ್ಲಿ ತೂತಿರುವ ಡಬ್ಬಿಯಲ್ಲಿರಲಿ.

ಶೇಡಿಗೆ ಮೊದಲು ಪೂರ್ತಿ ಗುಳೇದಗುಡ್ಡ ಖಣ ಸುತ್ತಿದ್ದೆ. ಹಗಲಿಗೆ ಕಣ್ಣು ಕೀಳಲಾಗದು, ರಾತ್ರಿ ಬೆಳಕೇ ಹೊರಬರದು: ಒತ್ತು ನೇಯ್ಗೆ, ಗಾಢ ಬಣ್ಣ. ಈಗ ಖಣ ಕೆಳಗೆ ಮೂರಿಂಚಿನ ಪಟ್ಟಿ ಮಾತ್ರ, ಮೇಲೆ ಬಿಳಿ ಖಾದಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮೂರಲ್ಲೇ ಇರುವಾಗ ಖಾದಿಗೆ ಪರದಾಡಬೇಕಿಲ್ಲ. ಶೇಡು 14 ಇಂಚು ಅಗಲ, 12 ಇಂಚು ಎತ್ತರ. ಸುತ್ತಳತೆ 44 ಇಂಚು, ಬಟ್ಟೆ 46 ಬೇಕು. ಫೆವಿಕಾಲ್ ಬೇಡವೇ ಬೇಡ. ಹಗಲಿಗೆ ಏನೂ ಕಾಣದು, ದೀಪ ಹಚ್ಚಿದೊಡನೆ ಇಂಗಿದ ಅಂಟಿನ ಕಲೆಗಳು ನಕಾಶೆಯ ಹಾಗೆ ಎದ್ದು ಕಾಣುತ್ತವೆ. ತಂತಿಯ ಬಳೆಗೆ ಸೂಜಿಯಿಂದಲೇ ಹೊಲಿಯಬೇಕು. ಮೇಲ್ಗಡೆ ಮುಚ್ಚಬಾರದು, ಬಿಸಿ ಒಳಗೇ ನಿಂತರೆ ಎಲ್‌ಇಡಿ ಬೇಗ ಸಾಯುತ್ತದೆ.

ಶೇಡು ಬುಡಕ್ಕಿಂತ ಐದೂವರೆ ಇಂಚು ಹಿಂದಕ್ಕೆ ಚಾಚುವುದರಿಂದ ಬುಡವನ್ನು ಗೋಡೆಯಿಂದ ಏಳು ಇಂಚು ಬಿಟ್ಟು ಇಟ್ಟಿದ್ದೇನೆ, ಹೊಲಿಗೆ ಗೋಡೆಯ ಕಡೆಗೆ.