ಚಿತ್ರಪ್ರದರ್ಶನದ ಜೊತೆಗೆ ಸಂಗೀತ ಕಛೇರಿ, ನಡಿಗೆ, ಕಾರ್ಯಾಗಾರ: ಹೊಂದಿಸುವುದು ಹೇಗೆ?

ಎರಡು ತಿಂಗಳು ನಡೆಯುವ ಚಿತ್ರಪ್ರದರ್ಶನಕ್ಕೆ ಮೊದಲ ವಾರ ಇದ್ದ ಜನ ಮೂರನೆಯ ವಾರ ಇರುವುದಿಲ್ಲ. ಆಗ ಸಮಿತಿಯಲ್ಲಿ ಯಾರಾದರೂ ಒಬ್ಬರು ‘ಒಂದು ಸಂಗೀತ ಇಟ್ಟುಬಿಡೋಣ’ ಎನ್ನುತ್ತಾರೆ. ಹಾಗೆ ಇಟ್ಟ ಸಂಗೀತಕ್ಕೆ ಜನ ಬರುತ್ತಾರೆ, ಕೇಳುತ್ತಾರೆ, ಕಾಫಿ ಕುಡಿದು ಗೋಡೆಯ ಕಡೆ ತಿರುಗಿಯೂ ನೋಡದೆ ಮನೆಗೆ ಹೋಗುತ್ತಾರೆ. ಆದ್ದರಿಂದ ಕಾರ್ಯಕ್ರಮ ಗೊತ್ತುಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮುಗಿದ ಮೇಲೆ ಬಂದವರು ಮತ್ತೆ ಚಿತ್ರದ ಮುಂದೆ ಹೋಗಿ ನಿಲ್ಲುತ್ತಾರೆಯೆ? ಇಲ್ಲವೆಂದಾದರೆ ಆ ಹಣವನ್ನು ಚಿತ್ರಗಳ ಪಕ್ಕಕ್ಕೆ ಒಳ್ಳೆಯ ವಿವರಣೆಯ ಫಲಕ ಬರೆಸುವುದಕ್ಕೆ ಖರ್ಚು ಮಾಡುವುದು ಮೇಲು.

ಉದಾಹರಣೆಗೆ ಕೆ. ವೆಂಕಟಪ್ಪನವರ ಕೃತಿಗಳ ಪ್ರದರ್ಶನವನ್ನು ಏರ್ಪಡಿಸುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಊಟಿ ಮತ್ತು ಕೊಡೈಕೆನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದ ಇವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಅದರ ಜೊತೆಗೆ ಮೈಸೂರು ಆಸ್ಥಾನದ ವೈಣಿಕರಾದ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಅಭ್ಯಾಸ ಮಾಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರದೇ ಹೆಸರಿದೆ. ಕಛೇರಿ ಇಡಬೇಕೆಂದರೆ ಇಲ್ಲಿ ಹುಡುಕಾಡಬೇಕಾಗಿಲ್ಲ. ಅದು ವೀಣೆಯ ಕಛೇರಿಯೇ ಆಗಬೇಕು, ಅದರಲ್ಲಿ ಶೇಷಣ್ಣನವರು ರಚಿಸಿದ ಒಂದು ಸ್ವರಜತಿಯೋ ತಿಲ್ಲಾನವೋ ಇರಲೇಬೇಕು. ಕಲಾವಿದನ ಬದುಕಿನೊಳಗಿಂದ ಇಂಥ ನಂಟು ಸಿಗದಿದ್ದರೆ ಕಛೇರಿಯನ್ನೇ ಕೈಬಿಡಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ಕಛೇರಿಯನ್ನು ಚಿತ್ರಗಳಿರುವ ಕೊಠಡಿಯಲ್ಲಿ ಇಡಬೇಡಿ. ಕಾಗದದ ಮೇಲಿನ ಜಲವರ್ಣಕ್ಕೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚಿನ ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳ ವಾಡಿಕೆ. ಆ ಬೆಳಕಿನಲ್ಲಿ ವೇದಿಕೆಯ ಮೇಲಿರುವವರ ಬೆರಳು ಚೆನ್ನಾಗಿ ಕಾಣುವುದಿಲ್ಲ. ನೂರು ಜನ ಒಂದೂವರೆ ಗಂಟೆ ಕೂತರೆ ಅವರ ಉಸಿರಿನಿಂದಲೇ ಕೊಠಡಿಯ ತೇವಾಂಶ ಏರುತ್ತದೆ, ಕಾಗದ ಅಲೆಅಲೆಯಾಗಿ ಬಾಗುವುದಕ್ಕೆ ಅಷ್ಟು ಸಾಕು. ನಮ್ಮಲ್ಲಿ ಇನ್ನೊಂದು ತೊಡಕಿದೆ: ದೀಪ ಬೆಳಗಿಸದೆ ಯಾವ ಕಾರ್ಯಕ್ರಮವೂ ಆರಂಭವಾಗುವುದಿಲ್ಲ. ಎಣ್ಣೆದೀಪದ ಹೊಗೆಯೂ ಹೂವಿನ ಹಾರದೊಳಗಿನ ಹುಳುಗಳೂ ಕಾಗದಕ್ಕೆ ಶತ್ರುಗಳಾದ್ದರಿಂದ ದೀಪ, ಹಾರ, ಉಪಾಹಾರ ಮೂರನ್ನೂ ಅಂಗಳಕ್ಕೋ ಪಕ್ಕದ ಸಭಾಂಗಣಕ್ಕೋ ಸಾಗಿಸಿ. ಉದ್ಘಾಟನೆಯ ದಿನ ಮಾತ್ರ ಕಛೇರಿ ಬೇಡ. ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ವೈಣಿಕರಿಗೆ ಉಳಿಯುವುದು ಇಪ್ಪತ್ತು ನಿಮಿಷ.

ವಾದ್ಯದ ವಿಷಯವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ವೀಣೆಯ 24 ಮೆಟ್ಟಿಲುಗಳು, ಅಂದರೆ ಸ್ವರ ಹಿಡಿಯಲು ತಂತಿಗಳ ಕೆಳಗಿರುವ ಲೋಹದ ಪಟ್ಟಿಗಳು, ಕೂತಿರುವುದು ಮೇಣದ ಮೇಲೆ. ಹಿಂದೊಮ್ಮೆ ನಾವು ಶೋಭೆಗೆಂದು ವೇದಿಕೆಯ ನೆತ್ತಿಗೆ ಎರಡು ದೊಡ್ಡ ಹ್ಯಾಲೊಜೆನ್ ದೀಪ ಹಾಕಿಸಿದ್ದೆವು. ಮೂರನೆಯ ಕೃತಿಯ ಹೊತ್ತಿಗೆ ಮೇಣ ಮೆತ್ತಗಾಗಿ ಮೇಲಿನ ಸ್ಥಾಯಿಯ ಮೆಟ್ಟಿಲೊಂದು ಕೂದಲೆಳೆಯಷ್ಟು ಜರುಗಿತು. ವೈಣಿಕರು ನುಡಿಸುವುದನ್ನು ನಿಲ್ಲಿಸಿ, ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿ, ಶ್ರುತಿ ನೋಡಿ, ಏನೂ ಆಗಿಲ್ಲವೆಂಬಂತೆ ಪಲ್ಲವಿಗೆ ಮರಳಿದರು. ತಪ್ಪು ಪೂರಾ ನಮ್ಮದು. ಅಂದಿನಿಂದ ಬಿಸಿ ಕಾರದ ಎಲ್‌ಇಡಿ ದೀಪಗಳನ್ನಷ್ಟೇ ಹಾಕಿಸುತ್ತೇವೆ, ಹವಾನಿಯಂತ್ರಣದ ಗಾಳಿ ನೇರವಾಗಿ ವಾದ್ಯಕ್ಕೆ ಬಡಿಯದಂತೆ ನೋಡಿಕೊಳ್ಳುತ್ತೇವೆ, ಕಲಾವಿದರನ್ನು ಮುಕ್ಕಾಲು ಗಂಟೆ ಮೊದಲೇ ಕರೆತಂದು ಅದೇ ಸಭಾಂಗಣದಲ್ಲಿ ಶ್ರುತಿ ಮಾಡಿಕೊಳ್ಳಲು ಬಿಡುತ್ತೇವೆ. ವೀಣೆಯದು ಮೆಲುದನಿ, ಮೈಕು ಎಲ್ಲಿರಬೇಕೆಂಬುದನ್ನು ಧ್ವನಿವರ್ಧಕದವರಲ್ಲ, ವೈಣಿಕರು ಹೇಳಬೇಕು. ಸಂಭಾವನೆ, ಪ್ರಯಾಣ, ಪಕ್ಕವಾದ್ಯದವರ ಪಾಲು ಇವೆಲ್ಲ ಮೊದಲೇ ಬರಹದಲ್ಲಿರಲಿ.

ನಡಿಗೆ, ಅಂದರೆ ಮಾರ್ಗದರ್ಶಕರೊಡನೆ ಚಿತ್ರಗಳನ್ನು ನೋಡುತ್ತಾ ಸಾಗುವುದು, ನನ್ನ ಮಟ್ಟಿಗೆ ಮೂರರಲ್ಲಿ ಅತ್ಯಂತ ಅಗ್ಗದ್ದು, ಅತ್ಯಂತ ಫಲ ಕೊಡುವಂಥದ್ದು, ಹಾಗಿದ್ದೂ ಅತ್ಯಂತ ಕೆಟ್ಟದಾಗಿ ನಡೆಯುವಂಥದ್ದು. ಮೂವತ್ತು ಜನರನ್ನು ಹಿಂದೆ ಕಟ್ಟಿಕೊಂಡು ಫಲಕದಲ್ಲಿರುವುದನ್ನೇ ಗಟ್ಟಿಯಾಗಿ ಓದುತ್ತಾ ಹೋಗುವುದು ನಡಿಗೆಯಲ್ಲ. ವೆಂಕಟಪ್ಪನವರ ಭೂದೃಶ್ಯಗಳನ್ನು ಮೊಳದ ದೂರದಲ್ಲಿ ನಿಂತು ನೋಡಿದರೆ ಮಾತ್ರ ಬಣ್ಣದ ಮೇಲಿನ ಬಣ್ಣ ಕಾಣುತ್ತದೆ. ಆದ್ದರಿಂದ ಒಂದು ತಂಡಕ್ಕೆ ಹತ್ತು ಹನ್ನೆರಡು ಜನ, ಐದೇ ಚಿತ್ರ, ಮುಕ್ಕಾಲು ಗಂಟೆ. ಪ್ರತಿ ಚಿತ್ರದ ಮುಂದೆ ಮೊದಲ ಎರಡು ನಿಮಿಷ ಯಾರೂ ಮಾತಾಡಬಾರದು, ಮಾರ್ಗದರ್ಶಕರಂತೂ ಕೂಡದು. ಆಮೇಲೆ ‘ಮಂಜು ಎಲ್ಲಿ ಮುಗಿಯುತ್ತದೆ, ಬೆಟ್ಟ ಎಲ್ಲಿ ಶುರುವಾಗುತ್ತದೆ?’ ಎಂಬಂಥ, ಕಣ್ಣಿನಿಂದಲೇ ಉತ್ತರ ಹುಡುಕಬೇಕಾದ ಪ್ರಶ್ನೆ ಕೇಳಬೇಕು. ಶಿಷ್ಯತ್ವ, ಇಸವಿ, ಅರಮನೆಯ ಸಂಗತಿಗಳು ಅದರ ಹಿಂದೆ ತಾವಾಗಿಯೇ ಬರುತ್ತವೆ. ವಾರಾಂತ್ಯದ ಒಂದು ನಡಿಗೆಯಾದರೂ ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಬಾಯಿ ಬಿಡದ ಹಿರಿಯರೊಬ್ಬರು ಕನ್ನಡದ ನಡಿಗೆಯಲ್ಲಿ ತಮ್ಮ ಕಾಲದ ಮೈಸೂರನ್ನೇ ತೆರೆದಿಡುವುದನ್ನು ನಾನು ಕಂಡಿದ್ದೇನೆ.

ಕಾರ್ಯಾಗಾರಕ್ಕೆ ಜಲವರ್ಣವೇ ಮೊದಲು ಹೊಳೆಯುತ್ತದೆ. ಆದರೆ ಎರಡು ಗಂಟೆಯಲ್ಲಿ ಜಲವರ್ಣ ಹಿಡಿತಕ್ಕೆ ಬರುವುದಿಲ್ಲ; ಮಕ್ಕಳು ಬೇಸರಪಟ್ಟು ಹೋಗುತ್ತಾರೆ. ಉಬ್ಬುಶಿಲ್ಪ ಹಾಗಲ್ಲ. ಜೇಡಿಮಣ್ಣನ್ನು ಬೆರಳು ದಪ್ಪಕ್ಕೆ ಹಲಗೆಯಂತೆ ತಟ್ಟಿ, ಅದರ ಮೇಲೆ ನರಗಳು ಎದ್ದು ಕಾಣುವ ಹಲಸಿನೆಲೆಯನ್ನೋ ಅರಳಿ ಎಲೆಯನ್ನೋ ಒತ್ತಿ ತೆಗೆದು, ಸುತ್ತ ಮಣ್ಣಿನ ಕಟ್ಟೆ ಕಟ್ಟಿದರೆ ಅಚ್ಚು ಸಿದ್ಧ. ಪ್ಲಾಸ್ಟರ್ ಪುಡಿಯನ್ನು ನೀರಿಗೆ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. ಪುಡಿ ನೀರಿನ ಮೇಲೆ ಸಣ್ಣ ಸಣ್ಣ ದ್ವೀಪಗಳಂತೆ ನಿಂತಾಗ ಸಾಕೆಂದು ಅರ್ಥ. ಆಮೇಲೆ ಮೆಲ್ಲನೆ ಕಲಸಿ ಅಚ್ಚಿಗೆ ಹೊಯ್ಯಬೇಕು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಆದ್ದರಿಂದ ಮಕ್ಕಳು ಅದರೊಳಗೆ ಕೈ ಅದ್ದದಂತೆ ಕಾವಲಿರಬೇಕು. ಉಳಿದದ್ದನ್ನು ಸಿಂಕಿಗೆ ಸುರಿದರೆ ಮರುದಿನ ಕೊಳಾಯಿಯವರನ್ನು ಕರೆಸಬೇಕಾಗುತ್ತದೆ. ಬಕೆಟ್ಟಿನಲ್ಲೇ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಿ. ಅರ್ಧ ಗಂಟೆ ಕಾಯುವ ಹೊತ್ತಿನಲ್ಲಿ ಮಕ್ಕಳನ್ನು ಕೈ ತೊಳೆಸಿ, ಪೆನ್ಸಿಲ್ ಮಾತ್ರ ಕೊಟ್ಟು, ಉಬ್ಬುಶಿಲ್ಪಗಳ ಮುಂದೆ ಕೂರಿಸಿ. ತಾವು ಒತ್ತಿದ ತಗ್ಗು ಉಬ್ಬಾಗಿ ಹೊರಬರುತ್ತದೆಂದು ಆಗಷ್ಟೇ ತಿಳಿದ ಕಣ್ಣು ಆ ಶಿಲ್ಪವನ್ನು ಬೇರೆಯೇ ರೀತಿ ನೋಡುತ್ತದೆ. ಹೀಗೆ ಎರಕ ಹೊಯ್ದ ಒಂದೆರಡು ಫಲಕಗಳನ್ನು ಇಟ್ಟುಕೊಂಡರೆ ದೃಷ್ಟಿ ಇಲ್ಲದವರಿಗಾಗಿ ಮುಟ್ಟಿ ನೋಡುವ ನಡಿಗೆಯೊಂದನ್ನು ಬೇರೆ ಖರ್ಚಿಲ್ಲದೆ ನಡೆಸಬಹುದು.

ಭಿತ್ತಿಪತ್ರಕ್ಕೆ ಚಿತ್ರ ಬಳಸುವಾಗ ಹಕ್ಕಿನ ವಿಷಯ ಮರೆಯಬೇಡಿ. ಭಾರತದಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ, ಆದ್ದರಿಂದ ಅವರ ಕೃತಿಗಳಿಗೆ ಅದು 2025ರ ಕೊನೆಯವರೆಗೆ. ಅವಧಿ ಮುಗಿದ ಮೇಲೂ ಕೃತಿ ಯಾರ ಬಳಿ ಇದೆಯೋ ಅವರ ಅನುಮತಿ ಪತ್ರ ಕಡತದಲ್ಲಿರಲಿ.

ಇನ್ನು ವೇಳಾಪಟ್ಟಿ. ಮೊದಲ ಎರಡು ವಾರ ನಡಿಗೆ ಮಾತ್ರ ಸಾಕು, ಮಾರ್ಗದರ್ಶಕರ ಮಾತು ಹದಕ್ಕೆ ಬರುವುದಕ್ಕೂ ಅಷ್ಟು ಕಾಲ ಬೇಕು. ಮೂರನೆಯ ಅಥವಾ ನಾಲ್ಕನೆಯ ಶನಿವಾರ ಸಂಜೆ ಕಛೇರಿ, ಶಾಲೆಗೆ ರಜೆ ಇರುವಾಗ ಕಾರ್ಯಾಗಾರ. ಕಛೇರಿಯ ದಿನ ಕಾವಲುಗಾರರಿಗೆ ಮೊದಲೇ ಹೇಳಿ, ಮಂಗಳ ಹಾಡಿದ ಮೇಲೂ ಒಂದು ಗಂಟೆ ಚಿತ್ರಗಳ ಕೊಠಡಿಯನ್ನು ತೆರೆದಿಡಿಸಿ, ಸಭಾಂಗಣದಿಂದ ಹೊರಗೆ ಹೋಗುವ ದಾರಿ ಅದರ ಬಾಗಿಲ ಮುಂದೆಯೇ ಹಾದುಹೋಗುವಂತೆ ಹಗ್ಗ ಕಟ್ಟಿಸಿ. ವೀಣೆಯ ಮೇಲಿನ ತಮ್ಮ ಗೀಳನ್ನೇ ವೆಂಕಟಪ್ಪನವರು ಚಿತ್ರವಾಗಿಸಿದ್ದೂ ಉಂಟು. ಆ ಚಿತ್ರ ದೊರೆತರೆ ಅದನ್ನು ಬಾಗಿಲಿಗೆ ಎದುರಾಗಿ ಹಾಕಿ. ಎಷ್ಟು ಜನ ಒಳಗೆ ತಿರುಗಿದರೆಂದು ಒಬ್ಬರು ಬಾಗಿಲಲ್ಲಿ ನಿಂತು ಎಣಿಸಲಿ.