ರಿಮೋಟ್ ಕೈಕೊಟ್ಟರೂ ಫ್ಯಾನು ಮಾತು ಕೇಳಬೇಕಾದರೆ

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಅನೇಕರು ಈಗ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನುಗಳನ್ನು ಹಾಕಿಸುತ್ತಾರೆ. ಹಳೆಯ ಮಾದರಿಯ ಫ್ಯಾನಿಗೆ 70ರಿಂದ 80 ವ್ಯಾಟ್ ಬೇಕಾದರೆ, ಇದು 30 ವ್ಯಾಟ್ ಆಸುಪಾಸಿನಲ್ಲಿಯೇ ಸರಿಸುಮಾರು ಅಷ್ಟೇ ಗಾಳಿ ಕೊಡುವುದರಿಂದ ಹೆಸ್ಕಾಂ ಬಿಲ್ಲಿನಲ್ಲಿ ಉಳಿತಾಯವಾಗುವುದು ನಿಜ. ಆದರೆ ಇದರೊಂದಿಗೆ ಗೋಡೆಯ ರೆಗ್ಯುಲೇಟರ್ ಹೋಗಿ ಅದರ ಜಾಗಕ್ಕೆ ರಿಮೋಟ್ ಬಂದಿದೆ. ಒತ್ತಿದರೂ ವೇಗ ಬದಲಾಗದ, ಒತ್ತದಿದ್ದರೂ ತಾನಾಗಿ ತಿರುಗತೊಡಗುವ ಫ್ಯಾನುಗಳ ದೂರು ಬರುತ್ತಿರುವುದು ಇದೇ ಕಾರಣಕ್ಕೆ. ಫ್ಯಾನಿನ ಮುಖ್ಯ ಹಿಡಿತ ತಂತಿಯಲ್ಲಿರಬೇಕು, ನಿಸ್ತಂತು ಸೌಕರ್ಯ ಅದರ ಮೇಲಿನ ಹೆಚ್ಚುವರಿಯಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿಮ್ಮ ಕೈಯಲ್ಲಿರುವ ರಿಮೋಟ್ ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಮೊಬೈಲಿನ ಮುಂಬದಿಯ ಕ್ಯಾಮೆರಾ ತೆರೆದು, ರಿಮೋಟಿನ ತುದಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿರಿ. ಪರದೆಯಲ್ಲಿ ನಸುನೇರಳೆ ಬಣ್ಣದ ಬೆಳಕು ಮಿಣುಕಿದರೆ ಅದು ಟಿವಿ ರಿಮೋಟಿನಂತೆ ಅವಗೆಂಪು (ಇನ್‌ಫ್ರಾರೆಡ್) ಕಿರಣದ್ದು. ಬ್ಯಾಟರಿ ಹೊಸದಿದ್ದೂ ಏನೂ ಕಾಣದಿದ್ದರೆ ಬಹುಮಟ್ಟಿಗೆ ರೇಡಿಯೋ ತರಂಗದ್ದು. ಅವಗೆಂಪು ಕಿರಣ ಗೋಡೆ ದಾಟುವುದಿಲ್ಲವಾದ್ದರಿಂದ ಪಕ್ಕದ ಮನೆಯ ರಿಮೋಟಿನ ಕಾಟ ಅದಕ್ಕಿಲ್ಲ. ಗೋಡೆಗೆ ಗೋಡೆ ತಾಗಿರುವ ಓಣಿಯ ಮನೆಗಳಿಗೂ ಅಪಾರ್ಟ್‌ಮೆಂಟುಗಳಿಗೂ ಅದೇ ಮೇಲು. ಅದಕ್ಕಿರುವ ತೊಂದರೆಗಳು ಚಿಕ್ಕವು: ಫ್ಯಾನಿನ ಕೆಳಮುಚ್ಚಳದಲ್ಲಿರುವ, ರಿಮೋಟಿನ ಸಂಕೇತ ಹಿಡಿಯುವ ಗ್ರಾಹಕದ (ರಿಸೀವರ್) ಮೇಲೆ ಧೂಳು ಕೂತಿರಬಹುದು, ಇಲ್ಲವೇ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿರಬಹುದು. ಒಣಬಟ್ಟೆಯಿಂದ ಒರೆಸಿ, ಪರದೆ ಎಳೆದು ಮತ್ತೆ ಪರೀಕ್ಷಿಸಿದರೆ ತಿಳಿಯುತ್ತದೆ.

ರೇಡಿಯೋ ರಿಮೋಟಿನ ವಿಷಯ ಇಷ್ಟು ಸರಳವಲ್ಲ. ಇವು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಅಥವಾ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದನ್ನು ತಂತಿಯಿಲ್ಲದ ಕರೆಗಂಟೆ, ಗೇಟು ಮತ್ತು ವಾಹನದ ರಿಮೋಟುಗಳು ಬಳಸಿದರೆ, ಎರಡನೆಯದನ್ನು ವೈಫೈ, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ ಹಂಚಿಕೊಳ್ಳುತ್ತವೆ. 2.4 ಗಿಗಾಹರ್ಟ್ಸಿನ ಫ್ಯಾನು ತಡವರಿಸುತ್ತಿದ್ದರೆ ವೈಫೈ ರೌಟರನ್ನು ಸ್ವಲ್ಪ ಹೊತ್ತು ಆರಿಸಿ ನೋಡಿ. ಆಗ ಸರಿಯಾದರೆ ರೌಟರನ್ನು ಫ್ಯಾನಿನಿಂದ ದೂರ ಸರಿಸಬೇಕು, ಮತ್ತು ಪರಸ್ಪರ ಅತಿಕ್ರಮಿಸದ 1, 6, 11ನೇ ಚಾನೆಲ್‌ಗಳಲ್ಲಿ ಒಂದಕ್ಕೆ ಅದನ್ನು ಕಟ್ಟಿಹಾಕಬೇಕು. ಗ್ರಾಹಕವನ್ನು ಮೇಲಿನ ಲೋಹದ ಕಪ್ಪಿನೊಳಗೆ ಕೂಡಿಸಿದ್ದರೆ ಸಂಕೇತ ಅಲ್ಲಿಯೇ ಅರ್ಧ ಸಾಯುತ್ತದೆ. ಅದರ ತೆಳುವಾದ ಆಂಟೆನಾ ತಂತಿ ಸುರುಳಿಯಾಗಿ ಇತರ ವೈರುಗಳ ನಡುವೆ ಸಿಕ್ಕಿಕೊಳ್ಳದಂತೆ ನೇರವಾಗಿ ಬಿಡಿಸಿಡಲು ವೈರಮನ್‌ಗೆ ಹೇಳಬೇಕು. ಒಂದೇ ರಿಮೋಟಿಗೆ ಎರಡು ಫ್ಯಾನು ತಿರುಗುತ್ತಿದ್ದರೆ ಎರಡನೆಯದರ ಸ್ವಿಚ್ಚನ್ನು ಆರಿಸಿ, ಮೊದಲನೆಯದಕ್ಕೆ ಮಾತ್ರ ಕರೆಂಟು ಕೊಟ್ಟು, ಕೈಪಿಡಿಯಲ್ಲಿ ಹೇಳಿದ ಗುಂಡಿಯನ್ನು ಅದಾದ ಕೆಲವೇ ಸೆಕೆಂಡುಗಳಲ್ಲಿ ಒತ್ತಿ ಹಿಡಿದು ಹೊಸದಾಗಿ ಜೋಡಿಸಬೇಕಾಗುತ್ತದೆ.

ಇಷ್ಟೆಲ್ಲ ಪೀಕಲಾಟವೇ ಬೇಡವೆನ್ನುವವರಿಗೆ ತಂತಿಯ ದಾರಿ ಇದ್ದೇ ಇದೆ. ಸಾಮಾನ್ಯ ಫ್ಯಾನಿಗೆ ಕೆಪಾಸಿಟರ್ ಮಾದರಿಯ ಹಂತದ ರೆಗ್ಯುಲೇಟರ್ ಹಾಕಿಸುವುದೇ ಉತ್ತಮ. ಹಳೆಯ ಡಬ್ಬಿಯಂಥ ರೆಗ್ಯುಲೇಟರ್ ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತಿತ್ತು. ಹಂತಗಳಿಲ್ಲದೆ ಜಾರುತ್ತ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಿಸಿಯಾಗದಿದ್ದರೂ ವಿದ್ಯುತ್ ಅಲೆಯನ್ನು ಕತ್ತರಿಸಿ ಕೊಡುವುದರಿಂದ ಫ್ಯಾನು ಗುಂಯ್‌ಗುಡುತ್ತದೆ; ಮೀಡಿಯಂ ವೇವ್ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ಗೆ ಹಚ್ಚಿ ಕೂತವರಿಗೆ ಅದರ ಕರಕರ ಸದ್ದು ಚೆನ್ನಾಗಿ ಗೊತ್ತು. ಅಂದರೆ ತಂತಿಯ ಸಾಧನವೂ ತಾನೇ ಅಡಚಣೆ ಎಬ್ಬಿಸಬಲ್ಲದು. ಕೆಪಾಸಿಟರ್ ರೆಗ್ಯುಲೇಟರಿನಲ್ಲಿ ಇವೆರಡೂ ಬಾಧೆಗಳಿಲ್ಲ.

ರಿಮೋಟಿನ ಬಿಎಲ್‌ಡಿಸಿ ಫ್ಯಾನನ್ನು ಮಾತ್ರ ಸಾಮಾನ್ಯ ರೆಗ್ಯುಲೇಟರಿನ ಮೂಲಕ ಓಡಿಸಬಾರದು. ಅದರ ವೇಗವನ್ನು ಒಳಗಿನ ಸರ್ಕ್ಯೂಟ್ ನಿರ್ಧರಿಸುವುದರಿಂದ ಹೊರಗಿನಿಂದ ವೋಲ್ಟೇಜ್ ಇಳಿಸಿದರೆ ಸರ್ಕ್ಯೂಟೇ ಕೆಡಬಹುದು. ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಜೋಡಿಸಬೇಕು. ಕೊಳ್ಳುವಾಗಲೇ ಅಂಗಡಿಯವರನ್ನು ಎರಡು ಮಾತು ಕೇಳಿರಿ: ಗೋಡೆಯ ರೆಗ್ಯುಲೇಟರಿಗೆ ಹೊಂದುವ ಬಿಎಲ್‌ಡಿಸಿ ಮಾದರಿ ಇದೆಯೇ, ಇಲ್ಲದಿದ್ದರೆ ಸ್ವಿಚ್ಚನ್ನು ಆರಿಸಿ ಹಚ್ಚುವುದರಿಂದಲೇ ವೇಗ ಬದಲಿಸುವ ಸೌಲಭ್ಯವಿದೆಯೇ? ಇವೆರಡೂ ಬಗೆಯವು ಸಿಗುತ್ತವೆ. ವಯಸ್ಸಾದವರಿರುವ ಮನೆಯಲ್ಲಿ ನಾನು ಮೊದಲ ಬಗೆಯದನ್ನೇ ಸೂಚಿಸುತ್ತೇನೆ, ಏಕೆಂದರೆ ಕತ್ತಲಲ್ಲಿ ರಿಮೋಟ್ ಹುಡುಕುವುದಕ್ಕಿಂತ ಗೋಡೆ ತಡವುವುದು ಸುಲಭ.

ಮೊಬೈಲಿನಿಂದಲೂ ನಿಯಂತ್ರಿಸುವ ಆಸೆಯಿದ್ದವರು ಸ್ವಿಚ್ ಬೋರ್ಡಿನ ಹಿಂದೆ ಕೂಡುವ, ಹಳೆಯ ಸ್ವಿಚ್ಚನ್ನು ಹಾಗೆಯೇ ಉಳಿಸುವ ಮಾಡ್ಯೂಲ್ ಎಂಬ ಪುಟ್ಟ ಸಾಧನವನ್ನು ಆಯ್ದುಕೊಳ್ಳಬೇಕು. ಇಂಟರ್‌ನೆಟ್ ನಿಂತರೂ ಸ್ವಿಚ್ಚಿನಿಂದ ಫ್ಯಾನು ಓಡಬೇಕು. ಇಂಥ ಬಹುತೇಕ ಮಾಡ್ಯೂಲುಗಳಿಗೆ ನ್ಯೂಟ್ರಲ್ ತಂತಿ, ಅಂದರೆ ಕರೆಂಟು ಮರಳುವ ತಂತಿ ಬೇಕು. ಗದಗ ಕಡೆಯ ಮಾಳಿಗೆ ಮನೆಗಳಂಥ ಹಳೆಯ ಮನೆಗಳಲ್ಲಿ, ಜಂತಿಯ ಬದಿಯಿಂದ ಪಟ್ಟಿಯೊಳಗೆ ಎಳೆದ ವೈರಿಂಗ್ ಇದ್ದರೆ, ಬರೀ ಸ್ವಿಚ್ಚುಗಳಿರುವ ಬೋರ್ಡಿಗೆ ನ್ಯೂಟ್ರಲ್ ಬಂದಿರುವುದೇ ಅಪರೂಪ. ಪ್ಲಗ್ ಸಾಕೆಟ್ ಇರುವ ಬೋರ್ಡಿನಲ್ಲಿ ಇರುತ್ತದೆ. ಬೋರ್ಡು ಬಿಚ್ಚುವ ಮುನ್ನ ಮೇನ್ ಆರಿಸಿ, ಟೆಸ್ಟರಿನಿಂದ ಪ್ರತಿ ತಂತಿಯನ್ನೂ ಮುಟ್ಟಿಸಿ ನೋಡಬೇಕು, ಏಕೆಂದರೆ ಕರೆಂಟು ತರುವ ಫೇಸ್ ತಂತಿಯ ಬದಲು ನ್ಯೂಟ್ರಲ್ಲಿಗೆ ಸ್ವಿಚ್ ಹಾಕಿರುವ ಮನೆಗಳಲ್ಲಿ ಸ್ವಿಚ್ ಆರಿಸಿದರೂ ಫ್ಯಾನಿನ ತುದಿಯವರೆಗೆ ಕರೆಂಟು ಇದ್ದೇ ಇರುತ್ತದೆ.

ಎಲ್ಲ ದೋಷವನ್ನೂ ಸಂಕೇತದ ತಲೆಗೆ ಕಟ್ಟುವುದು ಸರಿಯಲ್ಲ. ಕರೆಂಟು ಹೋಗಿ ಇನ್ವರ್ಟರ್ ಹಚ್ಚಿಕೊಂಡಾಗ ಮಾತ್ರ ಸಾಮಾನ್ಯ ಫ್ಯಾನು ಗುಂಯ್‌ಗುಟ್ಟಿದರೆ ಅದು ಚೌಕಾಕಾರದ ವಿದ್ಯುತ್ ಅಲೆ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರಿನ ಲಕ್ಷಣ. ಐದನೇ ಹಂತದಲ್ಲಿಯೂ ನಿಧಾನವಾಗಿ ತಿರುಗಿದರೆ, ಅಥವಾ ಕೋಲಿನಿಂದ ತಳ್ಳಿದ ಮೇಲಷ್ಟೇ ಹೊರಟರೆ ಫ್ಯಾನಿನ ಕೆಪಾಸಿಟರ್ ದುರ್ಬಲವಾಗಿರುವ ಸಾಧ್ಯತೆ ಹೆಚ್ಚು. ಅದರ ಮೈಮೇಲೆ ಮುದ್ರಿಸಿದ ಮೈಕ್ರೋಫ್ಯಾರಡ್ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಅಷ್ಟೇ ಅಳತೆಯದನ್ನು ತಂದು ಹಾಕಿಸಬೇಕು.